ಬೋಲ್ಟಿನ ತಲೆ ನಮ್ಮದು, ನಟ್ಟು ಅವರದು

ಆ ಬೇಸಿಗೆಯಲ್ಲಿ ನಾನು ಲೋಕಲ್ ರೈಲಿನಲ್ಲಿ ನೆಮ್ಮದಿಯಾಗಿ ಕೂತ ನೆನಪಿಲ್ಲ. ಬೊರಿವಲಿಯಲ್ಲಿ ಹತ್ತುವಾಗ ಸೀಟು ಸಿಗುತ್ತಿತ್ತು. ಎರಡು ಸ್ಟೇಷನ್ ಕಳೆಯುವಷ್ಟರಲ್ಲಿ ಅದನ್ನು ಯಾರಿಗಾದರೂ ಬಿಟ್ಟು ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ದಾದರ್‌ನಲ್ಲಿ ಇಳಿದು, ಸೇತುವೆ ಹತ್ತಿ, ಸೆಂಟ್ರಲ್ ಲೈನಿನ ಗಾಡಿ ಹಿಡಿದು ಭಾಂಡುಪ್ ಕಡೆಯ ನಮ್ಮ ಕ್ಯಾಂಪಿಗೆ ಹೋಗಬೇಕು. ಬ್ಯಾಗಿನಲ್ಲಿ ಒಂದು ದೊಡ್ಡ ಸ್ಪ್ಯಾನರ್ ಇರುತ್ತಿತ್ತು. ಲೇಡೀಸ್ ಡಬ್ಬಿಯಲ್ಲಿ ಅದು ಪಕ್ಕದವರ ಪಕ್ಕೆಗೆ ಚುಚ್ಚಿ, "ಕ್ಯಾ ಹೈ ಬ್ಯಾಗ್ ಮೇ, ಹಥೋಡಾ?" ಎಂದು, ಸುತ್ತಿಗೆ ಹೊತ್ತವಳ ಹಾಗೆ, ಬೈಸಿಕೊಂಡದ್ದುಂಟು. ಅದನ್ನು ಬಳಸುವ ಹಾಗಿರಲಿಲ್ಲ. ಇವತ್ತು ಅನುಮತಿ ಬರಬಹುದು, ನಾಳೆ ಬರಬಹುದು ಎಂದು ಹೊತ್ತು ತಿರುಗುತ್ತಿದ್ದೆ, ಅಷ್ಟೆ.

ನಾನು ಸೇನೆಯ ಎಂಜಿನಿಯರಿಂಗ್ ಇಲಾಖೆಯಲ್ಲಿ ಜೂನಿಯರ್ ಎಂಜಿನಿಯರ್. ಇಲಾಖೆ ಸೇನೆಯದಾದರೂ ನಾನು ಸೈನಿಕಳಲ್ಲ. ಸೈನಿಕರು ಇರುವ ಮನೆ, ಅವರು ನಡೆಯುವ ರಸ್ತೆ, ಅವರ ಲೈಟು, ಅವರ ನೀರು ನಮ್ಮ ಜವಾಬ್ದಾರಿ. ಇಡೀ ಪ್ರದೇಶಕ್ಕೆ ಒಬ್ಬ ಮುಖ್ಯ ಎಂಜಿನಿಯರ್, ಅವರ ಕೆಳಗೆ ಕೆಲವು ಕ್ಯಾಂಪುಗಳನ್ನು ನೋಡುವವರೊಬ್ಬರು, ಅವರ ಕೆಳಗೆ ನಮ್ಮ ಕ್ಯಾಂಪಿನ ದೊಡ್ಡ ಸಾಹೇಬರು. ಈ ಮೂವರೂ ಸಮವಸ್ತ್ರದವರು, ಎರಡು ಮೂರು ವರ್ಷಕ್ಕೆ ವರ್ಗವಾಗಿ ಹೋಗುವವರು. ದೊಡ್ಡ ಸಾಹೇಬರ ಕೆಳಗೆ ಇಲಾಖೆ ಎರಡಾಗಿ ಸೀಳುತ್ತದೆ. ಕಟ್ಟಡ, ರಸ್ತೆ ನೋಡುವವರು ಬಿಆರ್. ವಿದ್ಯುತ್ತು, ಯಂತ್ರ ನೋಡುವವರು ಇಎಮ್. ಎರಡಕ್ಕೂ ಬೇರೆ ಬೇರೆ ಸಹಾಯಕ ಎಂಜಿನಿಯರ್, ಬೇರೆ ಸ್ಟೋರು, ಬೇರೆ ಕಾಂಟ್ರಾಕ್ಟರು. ಚಹಾ ಮಾತ್ರ ಒಂದೇ ಕ್ಯಾಂಟೀನಿನಿಂದ. ನಾನು ಇಎಮ್.

ನೀರು ಯಾರದು ಎಂದು ಹೊಸಬರು ಕೇಳುತ್ತಾರೆ. ಅದು ನಡೆಯುವ ದಾರಿಯಲ್ಲೇ ಹೇಳಬೇಕು. ಗೇಟಿನ ಮೀಟರಿನವರೆಗೆ ನೀರು ಮಹಾನಗರ ಪಾಲಿಕೆಯದು. ಮೀಟರು ದಾಟಿದರೆ ನಮ್ಮದು. ನೆಲದಡಿಯ ತೊಟ್ಟಿ, ಪಂಪು, ಗುಡ್ಡದ ಮೇಲಿನ ಟ್ಯಾಂಕು, ಅಲ್ಲಿಂದ ರಸ್ತೆಯಡಿ ಇಳಿದು ಬರುವ ಪೈಪು, ಎಲ್ಲ ಇಎಮ್. ಆ ಪೈಪು ಒಂದು ಕಟ್ಟಡದ ಕಾಲಬುಡಕ್ಕೆ ಬಂದು ತಲೆ ಎತ್ತಿ ಗೋಡೆ ಹತ್ತಲು ಶುರುಮಾಡಿತೋ, ಅಲ್ಲಿಂದ ಅಡುಗೆಮನೆಯ ನಲ್ಲಿಯವರೆಗೆ ಬಿಆರ್. ನಲ್ಲಿ ತಿರುಗಿಸುವವರಿಗೆ ನಮ್ಮ ಭಾಷೆಯಲ್ಲಿ ಒಂದೇ ಹೆಸರು: ಯೂಸರ್. ಯೂಸರ್ ಬೇಕು ಅನ್ನಬೇಕು, ನಾವು ಮಾಡಬೇಕು, ಲೆಕ್ಕದವರು ಹಣ ಬಿಡಬೇಕು. ಮೂರರಲ್ಲಿ ಯಾರೂ ಇನ್ನೊಬ್ಬರ ಕೆಲಸಕ್ಕೆ ಕೈ ಹಾಕಬಾರದು. ಹೀಗಿದ್ದರೆ ತಪ್ಪಾದಾಗ ಯಾರದು ಎಂದು ತಕ್ಷಣ ಗೊತ್ತಾಗುತ್ತದೆ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ನನಗೆ ಆ ಮಾತು ಹಿಡಿಸಿತ್ತು. ಡೈರಿಯ ಎಡಗಡೆ ತಾರೀಖು, ಬಲಗಡೆ ಲೆಕ್ಕ ಬರೆಯುವ ನನ್ನಂಥವರಿಗೆ ಹಿಡಿಸುವಂಥದ್ದೇ ಅದು.

ಏಪ್ರಿಲ್‌ನ ಒಂದು ಸೋಮವಾರ, ಕಂಪ್ಲೇಂಟ್ ಕೌಂಟರಿನ ಮುಂದೆ ಒಬ್ಬ ಹೆಣ್ಣುಮಗಳು ಹಿಂದಿಯಲ್ಲಿ ದೂರು ಬರೆಸಿ, ತಿರುಗುವಾಗ ತನ್ನಷ್ಟಕ್ಕೆ ಅಂದಳು: "ಬರಕೋ ಬರಕೋ, ಬರಕೊಂಡಿದ್ದನ್ನ ಕುಡೀತೀನಿ ನಾ."

ನಾನು ನಕ್ಕೆ. ಅವಳು ಗಕ್ಕನೆ ನಿಂತಳು.

"ಅಯ್ಯ! ನಿಮಗ ಕನ್ನಡ ಬರತೈತೇನ್ರಿ ಅಕ್ಕಾರ?"

"ಬರ್ತದೆ. ಏಳನೇ ಕ್ಲಾಸಿನವರೆಗೆ ಕನ್ನಡ ಮೀಡಿಯಮ್ಮು, ಇಲ್ಲೇ. ಎಂಥ ಆಯ್ತು?"

"ನೀರ ಬರವಲ್ದ್ರಿ. ಮೂರನೇ ಮಾಳಗಿ. ಬರ್ರಿ, ತೋರಸ್ತೀನಿ."

ಅವಳು ನನಗಿಂತ ಚಿಕ್ಕವಳು. ಹೊಟ್ಟೆ ಸ್ವಲ್ಪ ಕಾಣುತ್ತಿತ್ತು. ಮೆಟ್ಟಿಲು ಹತ್ತುವಾಗ ಪ್ರತಿ ಮಹಡಿಗೂ ಕಂಬಿ ಹಿಡಿದು ನಿಂತು, ನಿಂತದ್ದು ಉಸಿರಿಗಲ್ಲ ಎಂಬಂತೆ ಏನಾದರೂ ಮಾತು ತೆಗೆಯುತ್ತಿದ್ದಳು. ಗಂಡ ಹವಾಲ್ದಾರ, ಜನವರಿಯಲ್ಲಿ ಗಡಿಗೆ ಹೋದವನು. ಅಂಥವರ ಹೆಂಡಿರು ಮಕ್ಕಳು ಕ್ಯಾಂಪಿನ ಮನೆಯಲ್ಲೇ ಇರಬಹುದು, ಆದರೆ ಇರಲೇಬೇಕು. ಬೀಗ ಹಾಕಿ ಒಂದು ತಿಂಗಳಿಗಿಂತ ಹೆಚ್ಚು ಹೋದರೆ ಮನೆ ವಾಪಸ್. ಈ ಮನೆಗೆ ಗಂಡಹೆಂಡತಿ ಒಂದೂವರೆ ವರ್ಷ ಕಾದಿದ್ದರಂತೆ.

ಅಡುಗೆಮನೆಯಲ್ಲಿ ಅವಳು ನಲ್ಲಿ ತಿರುಗಿಸಿದಳು. ಅದು ಹಾವಿನಂತೆ ಬುಸುಗುಟ್ಟಿತು. ಒಂದು ಹನಿ ಬಂದು ತುದಿಯಲ್ಲಿ ತೂಗಿ ಅಲ್ಲೇ ಉಳಿಯಿತು.

"ದಿನಾ ಹಿಂಗ. ಉಸುರು ಬಿಡತೈತಿ, ನೀರ ಬಿಡಂಗಿಲ್ಲ."

ಹಾಲಿನಲ್ಲಿ ಮೂರು ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳಿದ್ದವು. ಟೀವಿ ನೋಡಬೇಕಾದರೆ ಅವುಗಳ ನಡುವಿನ ಸಂದಿಯಲ್ಲಿ ಕೂರಬೇಕು. ಅಣ್ಣ ಭಾಂಡುಪ್‌ನಿಂದ ತಂದುಕೊಟ್ಟದ್ದು ಎಂದಳು. ಎರಡನೇ ಮಹಡಿಯ ಮನೆಯವರು ಬಕೆಟ್ ತುಂಬಿ ಬಾಗಿಲಲ್ಲಿ ಇಡುತ್ತಾರೆ, ಇವಳು ಅಲ್ಲಿಂದ ಒಂದು ಮಹಡಿ ಹೊತ್ತು ತಂದು ಡ್ರಮ್ಮಿಗೆ ಸುರಿಯುತ್ತಾಳೆ. ಮಿಲಿಟರಿ ಆಸ್ಪತ್ರೆಯ ಡಾಕ್ಟರು ಭಾರ ಎತ್ತಬೇಡ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದಾರೆ.

"ಅಣ್ಣನ ಮನೆ ಇಲ್ಲೇ ಹತ್ತಿರ ಅಲ್ವಾ, ಅಲ್ಲಿ ಹೋಗಿ ಇರ್ಲಿಕ್ಕೆ ಆಗೋದಿಲ್ವಾ?"

"ಚಾಳಿನ ಒಂದ ಖೋಲಿ. ಐದು ಮಂದಿ. ನಮ್ಮ ಅತ್ತಿಗಿ ಭಾಳ ಚಲೋ ಆಕಿ, ಅದಕ್ಕ ಹೋಗಂಗಿಲ್ಲ. ಆಕಿ ತಾ ಹೊರಗ ಮಲಗಿ ನನಗ ಒಳಗ ಹಾಸ್ತಾಳ. ಮತ್ತ ನಾ ಹೋದ್ನೆಪಾ ಅಂದ್ರ ಈ ಮನಿ ಹೋತು. ಇವರು ರಜಾಕ್ಕ ಬಂದ್ರ ಎಲ್ಲಿ ಬರಬೇಕು? ಕೂಸಿನ್ನ ಎಲ್ಲಿ ತರಬೇಕು?" ಅವಳು ನಲ್ಲಿಯನ್ನು ಬಿಗಿಯಾಗಿ ತಿರುಗಿಸಿ ಮುಚ್ಚಿದಳು, ನೀರು ಹರಿಯುತ್ತಿದ್ದ ಹಾಗೆ. "ನಾ ಇಲ್ಲೇ ಹಡೀತೀನಿ. ಇದು ಪಕ್ಕಾ."

ಕೆಳಗಿಳಿದು ಕಟ್ಟಡದ ಕಾಲಬುಡಕ್ಕೆ ಹೋದೆ. ಅಲ್ಲಿ ನಮ್ಮ ಪೈಪಿನ ತುದಿಗೆ ಒಂದು ಕಬ್ಬಿಣದ ತಟ್ಟೆ, ಅವರ ಪೈಪಿನ ತುದಿಗೆ ಒಂದು ಕಬ್ಬಿಣದ ತಟ್ಟೆ. ಎರಡನ್ನೂ ಮುಖಕ್ಕೆ ಮುಖ ಇಟ್ಟು, ನಡುವೆ ರಬ್ಬರ್ ಹಾಳೆ ಸಿಕ್ಕಿಸಿ, ನಾಲ್ಕು ಬೋಲ್ಟು ಬಿಗಿದಿದ್ದಾರೆ. ಫ್ಲಾಂಜ್ ಎನ್ನುತ್ತಾರೆ. ಆ ರಬ್ಬರ್ ಕೊಳೆತು ಹೋಗಿತ್ತು. ಬೆಳಗಿನ ನೀರು ಬಿಟ್ಟಾಗ ಅಲ್ಲಿಂದ ಬೀಸಣಿಗೆಯ ಹಾಗೆ ಚಿಮ್ಮುತ್ತಿತ್ತಂತೆ. ಸುತ್ತ ಹಸಿರು ಹುಲ್ಲು ಹುಟ್ಟಿತ್ತು. ಇಡೀ ಕ್ಯಾಂಪಿನಲ್ಲಿ ಆ ಬೇಸಿಗೆಗೆ ಹಸಿರಾಗಿದ್ದ ಜಾಗ ಅದೊಂದೇ. ಉಳಿದ ಒತ್ತಡಕ್ಕೆ ನೀರು ಎರಡನೇ ಮಹಡಿಯವರೆಗೆ ಏರುತ್ತಿತ್ತು. ಮೂರನೆಯದರಲ್ಲಿ ಎರಡು ಮನೆ. ಒಂದು ಖಾಲಿ. ಇನ್ನೊಂದು ಇವಳದು. ಹಾಗಾಗಿ ಎಂಟು ಮನೆಯ ಕಟ್ಟಡದಿಂದ ದೂರು ಕೊಡುವವಳು ಇವಳೊಬ್ಬಳೇ.

ಅಲ್ಲಿಂದ ನನ್ನ ಕಾಲು ನಿಲ್ಲಲಿಲ್ಲ.

ಅವಳ ದೂರು ಇಎಮ್‌ಗೆ ಬಂದರೆ ನಮ್ಮ ವಾಲ್ವಿನವನು ಹೋಗಿ ಪೈಪಿಗೆ ಗೇಜ್ ಹಚ್ಚಿ ನೋಡುತ್ತಿದ್ದ. ನಮ್ಮ ಪೈಪಿನಲ್ಲಿ ಒತ್ತಡ ಸರಿ ಇದೆ. 'ಬಿಆರ್‌ಗೆ ಸಂಬಂಧಿಸಿದ್ದು' ಎಂದು ದೂರು ಮುಚ್ಚುತ್ತಿತ್ತು. ಮರುದಿನ ಅವಳು ಮತ್ತೆ ಬರೆಸಿದರೆ ಅದು ಬಿಆರ್‌ಗೆ ಹೋಗುತ್ತಿತ್ತು. ಅವರ ಪ್ಲಂಬರ್ ಗೋಡೆಯ ಪೈಪು ಪೂರ್ತಿ ತಡವಿ ನೋಡುತ್ತಿದ್ದ. ಅವರ ಪೈಪು ಎಲ್ಲೂ ಸೋರುತ್ತಿಲ್ಲ. 'ಇಎಮ್‌ಗೆ ಸಂಬಂಧಿಸಿದ್ದು.' ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಸೋರುತ್ತಿದ್ದುದು ನಡುವಿನ ರಬ್ಬರು.

ಬಿಆರ್ ಕಡೆಯ ನನ್ನ ಜೊತೆಗಾರ, ಕಲ್ಯಾಣ್ ಕಡೆಯ ಮರಾಠಿ ಹುಡುಗ, ನನ್ನ ಬ್ಯಾಚಿನವನೇ. ಅವನನ್ನು ಕರೆದುಕೊಂಡು ಹೋಗಿ ಫ್ಲಾಂಜಿನ ಮುಂದೆ ನಿಲ್ಲಿಸಿದೆ. ಅವನು ಕುಕ್ಕರುಗಾಲಿನಲ್ಲಿ ಕೂತು ಬಹಳ ಹೊತ್ತು ನೋಡಿದ.

"ಬೋಲ್ಟ್ ಕಾ ಸಿರ್ ತುಮ್ಹಾರೀ ತರಫ್ ಹೈ," ಅಂದ.

"ನಟ್ ತುಮ್ಹಾರೀ ತರಫ್ ಹೈ," ಅಂದೆ.

"ತೋ ಖೋಲೇಗಾ ಕೌನ್? ಸಿರ್ ವಾಲಾ ಯಾ ನಟ್ ವಾಲಾ?"

ನಾವಿಬ್ಬರೂ ನಕ್ಕೆವು. ಆಮೇಲೆ ಇಬ್ಬರೂ ನಗು ನಿಲ್ಲಿಸಿದೆವು, ಏಕೆಂದರೆ ಬಿಚ್ಚುವವರು ಯಾರು ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ.

ನಮ್ಮ ಸಹಾಯಕ ಎಂಜಿನಿಯರನ್ನು ಕೇಳಿದೆ. ನಿವೃತ್ತಿಗೆ ಹತ್ತಿರವಾದ, ಹಿತವಾಗಿ ಮಾತನಾಡುವ ಮನುಷ್ಯ. "ಬೇಟಾ," ಎಂದರು ಹಿಂದಿಯಲ್ಲಿ, "ಇವತ್ತು ನೀನು ಅವರ ನಟ್ಟು ಮುಟ್ಟಿದರೆ ನಾಳೆ ಆ ಗೋಡೆಯ ಪೈಪು ಪೂರ್ತಿ ನಮ್ಮದಾಗುತ್ತದೆ. ಆಮೇಲೆ ಕ್ಯಾಂಪಿನ ಎಲ್ಲ ಗೋಡೆಗಳ ಪೈಪೂ ನಮ್ಮದೇ. ಅದಕ್ಕೆ ಜನ ಎಲ್ಲಿ, ದುಡ್ಡೆಲ್ಲಿ? ಜಂಟಿ ತಪಾಸಣೆಗೆ ಬರೆದಿದ್ದೇನೆ. ಸ್ಪ್ಯಾನರ್ ಮನೆಯಲ್ಲಿ ಇಟ್ಟು ಬಾ."

ನಾನು ಇಟ್ಟು ಬರಲಿಲ್ಲ.

ಮೇ ತಿಂಗಳ ಮೊದಲ ರವಿವಾರ ನನಗೆ ಪಂಪ್‌ಹೌಸ್ ಡ್ಯೂಟಿ ಇತ್ತು. ಮಧ್ಯಾಹ್ನ ಅವಳು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಳು. ಹಿಂದೆ ಅವಳ ಅಣ್ಣ. ದೊಡ್ಡ ಕಟ್ಟಡಗಳಿಗೆ ಕಬ್ಬಿಣ ಬಿಗಿಯುವ ಕೆಲಸದವನು. ಬಿಸಿಲಿಗೆ ಸುಟ್ಟ ಮುಖ, ಇಸ್ತ್ರಿ ಮಾಡಿದ ಬಿಳಿ ಅಂಗಿ.

"ಇವರ ನೋಡಣ್ಣಾ, ನಾ ಹೇಳಿದ್ನೆಲ್ಲ. ಕನ್ನಡದ ಮೇಡಂ."

ಅವನು ಕೈ ಮುಗಿದ. ಮುಗಿದ ಕೈ ಬಿಡುವ ಮೊದಲೇ ಶುರುಮಾಡಿದ. "ಮೇಡಂ, ಸಿಟ್ಟಾಗಬ್ಯಾಡ್ರಿ. ನಮ್ಮ ಚಾಳಿನ್ಯಾಗ ನೀರ ಸ್ವಲ್ಪ ಹೊತ್ತ ಬರತೈತಿ, ಆದ್ರ ಬರತೈತಿ. ನಿಮ್ಮಲ್ಲಿ ಗುಡ್ಡದ ಮ್ಯಾಲ ಟ್ಯಾಂಕಿ ಐತಿ, ಕಮಾನಿನ್ಯಾಗ ಬಂದೂಕ ಹಿಡದ ಪಾರೇದವರು ಅದಾರ, ಎಂಜಿನಿಯರ್ ಅದಾರ. ನೀರ ಒಂದ ಇಲ್ಲ."

"ಅಣ್ಣಾ!"

"ಸುಮ್ಕಿರು. ಆ ಪೈಪಿಗೆ ಒಂದ ಸೈಕಲ್ ಟ್ಯೂಬ್ ಸುತ್ತಿ ಕಟ್ಟಿಬಿಡ್ಲೇನ್ರಿ ಮೇಡಂ?"

"ಅಲ್ಲಿ ಟ್ಯೂಬು ನಿಲ್ಲೋದಿಲ್ಲ ಅಣ್ಣಾ. ಎರಡು ದಿನಕ್ಕೆ ಕಿತ್ತು ಹೋಗ್ತದೆ. ಮತ್ತೆ ಕ್ಯಾಂಪಿನಲ್ಲಿ ಹೊರಗಿನವರು ಪೈಪು ಮುಟ್ಟಿದ್ರೆ ನಿಮ್ಮನ್ನು ಗೇಟಿನೊಳಗೆ ಬಿಡೋದಿಲ್ಲ."

ಅವನು ತಂಗಿಯ ಕಡೆ ತಿರುಗಿದ. "ಕೇಳಿದೆಲ್ಲ? ಇನ್ನ ಎರಡ ಐತವಾರ ನೋಡ್ತೀನಿ. ಮೂರನೇದಕ್ಕ ಟೆಂಪೋ ತಗೊಂಡ ಬರ್ತೀನಿ. ನೀರ ಬಂದಿತ್ತು ಅಂದ್ರ ಚಾ ಕುಡದ ಹೋಗ್ತೀನಿ. ಇಲ್ಲಂದ್ರ ಸಾಮಾನ ಹೇರ್ತೀನಿ. ನಿನ್ನ ಗಂಡಗ ಫೋನ್ ಮಾಡಿ ಹೇಳೇನಿ, ಅಂವಾನೂ ಹೂಂ ಅಂದಾನ."

ಅಣ್ಣ ನೀರು ಕುಡಿಯಲು ಆಚೆ ಹೋದಾಗ ಅವಳು ನನ್ನ ಹತ್ತಿರ ಬಂದು, ಮೆಲ್ಲಗೆ, "ಎರಡ ಐತವಾರದಾಗ ಆಗತೈತೇನ್ರಿ?" ಎಂದಳು.

"ಆಗ್ತದೆ," ಅಂದೆ. ರಾತ್ರಿ ಡೈರಿಯಲ್ಲಿ ಬರೆದೆ: 'ಮಾತು ಕೊಟ್ಟಿದ್ದೇನೆ. ನಟ್ಟು ನನ್ನದಲ್ಲ.'

ಆ ವಾರ ಅಪ್ಪನ ಹತ್ತಿರ ಹೇಳಿದೆ. ಅಪ್ಪ ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿನ ಮ್ಯಾನೇಜರು. ನಾನು ಹುಟ್ಟುವ ಮೊದಲಿನಿಂದ ಅದೇ ಕೌಂಟರು. ಸಂಜೆ ಅವರ ಹತ್ತಿರ ಹೋಗಿ ಕೂತರೆ ಮಾತಿನ ನಡುವೆಯೇ ಬಿಲ್ಲು, ಚಿಲ್ಲರೆ, ಮಾಣಿಗಳಿಗೆ ಬೈಗುಳ ಎಲ್ಲ ನಡೆಯುತ್ತದೆ.

"ಎಂಥ ಮಾರಾಯ್ತಿ ನಿನ್ನ ಡಿಪಾರ್ಟ್‌ಮೆಂಟು! ಒಂದು ನಟ್ಟಿಗೆ ಎರಡು ಸಾಹೇಬ್ರಾ?"

"ನಿಮ್ಮಲ್ಲಿ ಇಲ್ವಾ ಅಂಥದ್ದು?"

ಅಪ್ಪ ಅಡುಗೆಮನೆಯ ಕಿಟಕಿ ತೋರಿಸಿದರು. ಒಳಗಿನಿಂದ ಭಟ್ಟರು ದೋಸೆ ತಂದು ಕಿಟಕಿಯ ಹಲಗೆಯ ಮೇಲೆ ಇಡುತ್ತಾರೆ. ಹೊರಗಿನಿಂದ ಮಾಣಿ ಎತ್ತಿಕೊಳ್ಳುತ್ತಾನೆ. "ಹಲಗೆ ಮೇಲೆ ಇರುವಷ್ಟು ಹೊತ್ತು ಅದು ಯಾರದ್ದೂ ಅಲ್ಲ. ಭಟ್ರು ಕೊಟ್ಟಾಯ್ತು ಅಂತಾರೆ, ಇವ ಸಿಗ್ಲಿಲ್ಲ ಅಂತಾನೆ. ತಣ್ಣಗಾದ್ರೆ ನಾನು ಇಬ್ಬರಿಗೂ ಬೈಯೋದು."

"ಬೈದ್ರೆ ಸರಿ ಆಗ್ತದಾ?"

"ಎಲ್ಲಿಯ ಸರಿ! ಹಳೇ ಗಿರಾಕಿಗಳು ಏನು ಮಾಡ್ತಾರೆ ಗೊತ್ತುಂಟಾ? ಕಾದು ಕಾದು ಎದ್ದು ಬಂದು ಹಲಗೆಯಿಂದ ತಾವೇ ಎತ್ತಿಕೊಂಡು ಹೋಗ್ತಾರೆ. ಅವರಿಗೆ ಯಾರೂ ಎಂಥ ಹೇಳ್ಲಿಕ್ಕಿಲ್ಲ. ಏ, ನಾಲ್ಕನೇ ಟೇಬಲಿಗೆ ಸಾಂಬಾರು ಯಾರು ಕೊಡೋದು, ನಿನ್ನ ಅಜ್ಜನಾ?"

ಅವತ್ತು ನನಗೆ ಅದರಿಂದ ಏನೂ ಹೊಳೆಯಲಿಲ್ಲ. ಹೊಟ್ಟೆತುಂಬ ದೋಸೆ ತಿಂದು, ಮನೆಗೆ ಹೋಗುವ ಗಾಡಿಯಲ್ಲಿ ಮತ್ತೆ ಬಾಗಿಲ ಹತ್ತಿರ ನಿಂತೆ.

ಎರಡನೇ ವಾರದ ಬುಧವಾರ ಜಂಟಿ ತಪಾಸಣೆ ಆಯಿತು. ಎರಡೂ ಕಡೆಯ ಸಹಾಯಕ ಎಂಜಿನಿಯರುಗಳು ಬಂದರು. ಫ್ಲಾಂಜಿನ ಎರಡು ಬದಿಗೆ ಎದುರುಬದುರು ನಿಂತರು, ಮದುವೆಯಲ್ಲಿ ಬೀಗರು ನಿಂತ ಹಾಗೆ. ನಾನೂ ಮರಾಠಿ ಹುಡುಗನೂ ಹಿಂದೆ. ಅವಳು ಮೇಲಿನ ಕಿಟಕಿಯಿಂದ ತಲೆ ಹಾಕಿ ನೋಡುತ್ತಿದ್ದಳು.

ಬಹಳ ಗೌರವದಿಂದ ಮಾತು ನಡೆಯಿತು. ರಬ್ಬರು ಯಾರದು ಎಂಬುದು ತೀರ್ಮಾನವಾಗಲಿಲ್ಲ, ಆದರೆ ಅದಕ್ಕಿಂತ ದೊಡ್ಡದೊಂದು ತೀರ್ಮಾನವಾಯಿತು. ಹಳೆಯ ಫ್ಲಾಂಜ್ ತೆಗೆದುಹಾಕುವುದು. ಇಎಮ್ ತನ್ನ ಪೈಪಿನ ತುದಿಗೆ ತನ್ನದೊಂದು ವಾಲ್ವ್ ಕೂರಿಸುವುದು. ಬಿಆರ್ ತನ್ನ ಪೈಪಿನ ಬುಡಕ್ಕೆ ತನ್ನದೊಂದು ವಾಲ್ವ್ ಕೂರಿಸುವುದು. ನಡುವೆ ಹೊಸ ರಬ್ಬರು. ಇನ್ನು ಮುಂದೆ ಏನು ಸೋರಿದರೂ ಎರಡು ವಾಲ್ವುಗಳನ್ನು ಒಂದೊಂದಾಗಿ ಮುಚ್ಚಿ ನೋಡಿದರೆ ಯಾರ ಕಡೆಯದು ಎಂದು ಗೊತ್ತಾಗುತ್ತದೆ. ನನಗೆ ಇದು ಬಹಳ ಚೆನ್ನಾಗಿ ಕಂಡಿತು. ಡೈರಿಯಲ್ಲಿ ಎರಡು ವಾಲ್ವುಗಳ ಚಿತ್ರ ಬರೆದು ಅಡಿಗೆರೆ ಹಾಕಿದೆ.

ಒಮ್ಮೆ ತೀರ್ಮಾನವಾದರೆ ಇಲಾಖೆ ಕೆಲಸ ಮಾಡುವ ವೇಗವೇ ಬೇರೆ. ಸಣ್ಣ ದುರಸ್ತಿಗೆ ಎರಡೂ ಕಡೆ ವರ್ಷದ ಗುತ್ತಿಗೆ ಇತ್ತು. ಮುಂದಿನ ವಾರ ಮೊದಲು ನಮ್ಮ ಗುತ್ತಿಗೆದಾರನ ಜನ, ಮರುದಿನ ಅವರ ಗುತ್ತಿಗೆದಾರನ ಜನ ಬಂದರು. ಅಣ್ಣ ಟೆಂಪೋ ತರುತ್ತೇನೆ ಎಂದ ರವಿವಾರಕ್ಕೆ ಇನ್ನೆರಡು ದಿನ ಇರುವಾಗ, ಶುಕ್ರವಾರ ಹನ್ನೊಂದು ಗಂಟೆಗೆ, ಪರೀಕ್ಷೆ. ಕೆಂಪು ಬಣ್ಣ ಹಚ್ಚಿದ ಎರಡು ಹೊಸ ವಾಲ್ವುಗಳು ಅಕ್ಕಪಕ್ಕ, ಅವಳಿ ಮಕ್ಕಳ ಹಾಗೆ. ಗುಡ್ಡದ ಟ್ಯಾಂಕಿನಿಂದ ಅವತ್ತಿಗೆಂದೇ ನೀರು ಬಿಟ್ಟರು. ನಮ್ಮವನು ನಮ್ಮ ಚಕ್ರ ತಿರುಗಿಸಿದ, ಅವರ ಪ್ಲಂಬರ್ ಅವರ ಚಕ್ರ ತಿರುಗಿಸಿದ. ಎಲ್ಲರೂ ತಲೆ ಎತ್ತಿ ಮೂರನೇ ಮಹಡಿಯ ಕಿಟಕಿ ನೋಡಿದೆವು.

"ಬಂತ್ರಿ! ಅಕ್ಕಾರ, ಬಂತು! ಆ ಗಯಾ ಸಾಬ್, ಆ ಗಯಾ!"

ತೆಂಗಿನಕಾಯಿ ಒಡೆದರು. ಇಬ್ಬರು ಸಾಹೇಬರೂ ಕೈ ಕುಲುಕಿದರು. ನಮ್ಮ ಸಾಹೇಬರು ನನ್ನ ಕೈಗೆ ಕಾಯಿಚೂರು ಕೊಡುತ್ತ, "ಈಗಲಾದರೂ ಸ್ಪ್ಯಾನರ್ ಸ್ಟೋರಿಗೆ ಕೊಡ್ತೀಯಾ?" ಎಂದರು. ಕೊಟ್ಟೆ. ಆಮೇಲೆ ನಮ್ಮವನು ನಮ್ಮ ವಾಲ್ವಿನ ಚಕ್ರ ಮುಚ್ಚಿ ಸರಪಣಿ ಸುತ್ತಿ ಬೀಗ ಹಾಕಿದ. ಅವರ ಪ್ಲಂಬರ್ ಅವರದಕ್ಕೆ ಹಾಗೆಯೇ ಮಾಡಿದ. ಹೊಸ ವಾಲ್ವಿನ ಹಿತ್ತಾಳೆಯ ಭಾಗ ಕಳುವಾಗುತ್ತದೆಂದು ಕ್ಯಾಂಪಿನಲ್ಲಿ ಎಲ್ಲದಕ್ಕೂ ಬೀಗ; ನೀರು ಬಿಡದ ಹೊತ್ತಿನಲ್ಲಿ ವಾಲ್ವ್ ಮುಚ್ಚಿರಬೇಕೆಂದೂ ನಿಯಮ. ಬೀಗ ಬೀಳುವುದನ್ನು ನಾವೆಲ್ಲ ನಿಂತು ನೋಡಿದೆವು.

ಶನಿವಾರ ಬೆಳಿಗ್ಗೆ ಗಾಡಿ ದಾದರ್ ತಲುಪುವಷ್ಟರಲ್ಲೇ ಫೋನು ಬಂತು. ನಿನ್ನೆ ಸಂಜೆಯಿಂದ ಇಡೀ ಕಟ್ಟಡಕ್ಕೆ ನೀರಿಲ್ಲ.

ಓಡುತ್ತಲೇ ಹೋದೆ. ಕಟ್ಟಡದ ಮುಂದೆ ಖಾಲಿ ಬಕೆಟುಗಳ ಸಾಲು. ನೆಲಮಹಡಿಯ ಸುಬೇದಾರರ ಹೆಂಡತಿ, ಹರಿಯಾಣದ ಕಡೆಯವರು, ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು.

"ಆಯಿಯೇ ಮೇಡಂ! ಪೆಹಲೇ ಏಕ್ ಘರ್ ಮೇ ಪಾನಿ ನಹೀ ಥಾ, ಅಬ್ ಪೂರೀ ಬಿಲ್ಡಿಂಗ್ ಮೇ ನಹೀ. ವಾಹ್! ಪ್ರಮೋಷನ್ ಲೇ ಲೋ."

ಒಂದು ಮನೆಯ ತೊಂದರೆ ಎಂಟು ಮನೆಗೆ ಹರಡಿದ್ದರ ಕಾರಣ ತಿಳಿಯಲು ಕಷ್ಟವೇನಿರಲಿಲ್ಲ. ಪಾಲಿಕೆಯ ನೀರು ಕಡಿತದ ದಿನಗಳು. ಗುಡ್ಡದ ಟ್ಯಾಂಕಿನಿಂದ ಕಟ್ಟಡಗಳಿಗೆ ನೀರು ಬಿಡುವುದು ಬೆಳಗಿನ ಜಾವ ಒಂದು ಗಂಟೆ, ಸಂಜೆ ಆರರ ನಂತರ ಒಂದು ಗಂಟೆ. ನಮ್ಮ ವಾಲ್ವಿನವರು ಪಾಳಿಯವರು. ಆ ಹೊತ್ತಿಗೆ ಬಂದು ನಮ್ಮ ಬೀಗ ತೆಗೆದು ತಿರುಗಿಸಿದ್ದಾರೆ. ಬಿಆರ್‌ನ ಪ್ಲಂಬರುಗಳು ಆಫೀಸಿನ ಹೊತ್ತಿನವರು, ಎಂಟರಿಂದ ನಾಲ್ಕೂವರೆ. ಶನಿವಾರ, ರವಿವಾರ ರಜೆ. ಅವರ ವಾಲ್ವ್ ತೆರೆದಿರುವಾಗ ನಮ್ಮದರಲ್ಲಿ ನೀರಿಲ್ಲ. ನಮ್ಮದರಲ್ಲಿ ನೀರಿರುವಾಗ ಅವರದು ಮುಚ್ಚಿದೆ. ಇಬ್ಬರು ಸಹಾಯಕ ಎಂಜಿನಿಯರುಗಳು, ಇಬ್ಬರು ಜೂನಿಯರುಗಳು, ಇಬ್ಬರು ಗುತ್ತಿಗೆದಾರರು ನಿಂತು ಒಂದು ಪೈಪನ್ನು ಇಷ್ಟು ಅಚ್ಚುಕಟ್ಟಾಗಿ ಮುಚ್ಚಿದ್ದೆವು.

ಮೂರನೇ ಮಹಡಿಗೆ ಹತ್ತಿದೆ. ಅವಳು ಡ್ರಮ್ಮಿನ ತಳದ ನೀರನ್ನು ಚೊಂಬಿನಿಂದ ತೋಡುತ್ತಿದ್ದಳು. ನನ್ನನ್ನು ನೋಡಿ ಮತ್ತೆ ಬಗ್ಗಿದಳು. ಎರಡನೇ ಮಹಡಿಯಲ್ಲೂ ನೀರಿಲ್ಲ, ಇವತ್ತು ಬಾಗಿಲಿಗೆ ಯಾರೂ ಬಕೆಟ್ ಇಡುವವರಿಲ್ಲ. ಮೂಲೆಯಲ್ಲಿ ಒಂದು ಟ್ರಂಕಿನ ಮುಚ್ಚಳ ತೆರೆದಿತ್ತು. ಒಳಗೆ ಗಂಡನ ಸ್ವೆಟರುಗಳನ್ನು ಮಡಿಚಿ ಇಟ್ಟಿದ್ದಳು.

"ಸಾಮಾನು ಕಟ್ಟುತ್ತಾ ಇದ್ದೀರಾ?"

"ಅಣ್ಣ ನಾಳಿ ಮುಂಜಾನೆದ್ದ ಬರ್ತಾನ್ರಿ. ಅಂವಾ ಬಂದ ಮ್ಯಾಲ ಕಟ್ಟಾಕ ಹತ್ತಿದ್ರ ಅಂವಗ ಹೊತ್ತಾಗತೈತಿ." ಚೊಂಬು ಕೆಳಗಿಟ್ಟು, "ನಿಮ್ಮ ತಪ್ಪಿಲ್ಲ ಬಿಡ್ರಿ. ನಿನ್ನೆ ಬಂದಿತ್ತಲ್ಲ, ಅದರಾಗ ತಲಿ ಎರಕೊಂಡ್ನಿ," ಎಂದು ನಕ್ಕಳು.

ಅವಳು ಬೈದಿದ್ದರೆ ಚೆನ್ನಾಗಿತ್ತು.

ಈ ಸಲ ದೂರು ಒಬ್ಬ ಹವಾಲ್ದಾರನ ಮನೆಯದಷ್ಟೇ ಅಲ್ಲ, ಒಬ್ಬ ಸುಬೇದಾರರ ಮನೆಯದೂ ಆಗಿತ್ತು. ಹತ್ತು ಗಂಟೆಗೆ ದೊಡ್ಡ ಸಾಹೇಬರು ಎಲ್ಲರನ್ನೂ ಕರೆಸಿದರು. ಬಿಆರ್ ಸಾಹೇಬರು ಡೊಂಬಿವಲಿಯಿಂದ ರಜೆಯ ಅಂಗಿಯಲ್ಲೇ ಬಂದರು.

"ಒಬ್ಬರ ಕೀ ಇನ್ನೊಬ್ಬರಿಗೆ ಕೊಡಿ," ಎಂದರು ದೊಡ್ಡ ಸಾಹೇಬರು.

ಇಬ್ಬರು ಸಹಾಯಕ ಎಂಜಿನಿಯರುಗಳೂ ಒಟ್ಟಿಗೆ ಆಗದು ಎಂದು ತಲೆಯಾಡಿಸಿದರು. ಅದೊಂದರಲ್ಲಿ ಅವರಿಬ್ಬರಿಗೂ ಪೂರ್ಣ ಒಮ್ಮತ. ಬಿಆರ್‌ನ ಕೀ ಇಎಮ್‌ಗೆ ಹೋದರೆ ವಾಲ್ವಿನ ಜವಾಬ್ದಾರಿಯೂ ಹೋದ ಹಾಗೆ. ಹೋಗದ ಹಾಗೆ ಕೊಡಬೇಕಾದರೆ ಮೇಲಿನ ಕಚೇರಿಗೆ ಬರೆಯಬೇಕು. ಸೋಮವಾರ ಬರೆಯೋಣ.

ನಾನು ಗೋಡೆಗೆ ಒರಗಿ ನಿಂತಿದ್ದೆ. ಸೋಮವಾರ ಎಂದರೆ ಟೆಂಪೋ ಬಂದು ಹೋದ ಮರುದಿನ. ಕಣ್ಣೆದುರು ಅಪ್ಪನ ಹೋಟೆಲಿನ ಕಿಟಕಿಯ ಹಲಗೆ ಬಂತು, ಅದರ ಮೇಲೆ ತಣ್ಣಗಾಗುತ್ತಿರುವ ದೋಸೆ, ಎದ್ದು ಬರುತ್ತಿರುವ ಹಳೇ ಗಿರಾಕಿ.

"ಸರ್," ಎಂದೆ. "ನಾವು ಅವರಿಗೆ ಕೊಡುವ ಹಾಗಿಲ್ಲ, ಅವರು ನಮಗೆ ಕೊಡುವ ಹಾಗಿಲ್ಲ. ಯೂಸರ್‌ಗೆ ಕೊಡಬಹುದಲ್ವಾ? ಮನೆ ಕೀ ಬಿಆರ್‌ನವರು ಯೂಸರ್‌ಗೆ ಕೊಡುತ್ತಾರೆ, ಮೀಟರ್ ಪೆಟ್ಟಿಗೆಯ ಕೀ ನಾವು ಕೊಡುತ್ತೇವೆ. ಹಾಗೆಯೇ ಇಬ್ಬರೂ ಕೊಟ್ಟರೆ ಯಾರ ಜವಾಬ್ದಾರಿಯೂ ಎಲ್ಲಿಗೂ ಹೋಗುವುದಿಲ್ಲ."

ಇಬ್ಬರು ಸಹಾಯಕ ಎಂಜಿನಿಯರುಗಳೂ ಒಬ್ಬರನ್ನೊಬ್ಬರು ನೋಡಿದರು.

"ಬೇಡ ಅಂತ ಎಲ್ಲಾದರೂ ಇದೆಯಾ?" ದೊಡ್ಡ ಸಾಹೇಬರು ಕೇಳಿದರು.

ನಮ್ಮ ಸಾಹೇಬರು ಸ್ವಲ್ಪ ಯೋಚಿಸಿ, "ಬೇಡ ಅಂತ ಇಲ್ಲ ಸರ್," ಎಂದರು. ಬಿಆರ್ ಸಾಹೇಬರು ಅವರಿಗಿಂತ ಸ್ವಲ್ಪ ಹೆಚ್ಚು ಹೊತ್ತು ಯೋಚಿಸಿ ಅದನ್ನೇ ಹೇಳಿದರು.

ಯಾವ ಯೂಸರ್ ಎಂಬ ಪ್ರಶ್ನೆ ಬಂತು. ದೂರು ಯಾರದೋ ಅವರು.

ಮಧ್ಯಾಹ್ನ ಮೂರನೇ ಮಹಡಿಯ ಬಾಗಿಲಿಗೆ ಎರಡು ಕೀ ಹೋದವು, ಎರಡು ಬೇರೆ ಬೇರೆ ಕೈಯಲ್ಲಿ. ನಮ್ಮದನ್ನು ನಾನು ಕೊಟ್ಟೆ. ಅವರದನ್ನು ಮರಾಠಿ ಹುಡುಗ ಕೊಟ್ಟ. ಅವಳು ಎರಡನ್ನೂ ಒಂದೇ ದಾರಕ್ಕೆ ಪೋಣಿಸಿ ದೇವರ ಫೋಟೋದ ಮೊಳೆಗೆ ತೂಗುಹಾಕಿದಳು. ಟ್ರಂಕಿನ ಮುಚ್ಚಳ ಮಾತ್ರ ಹಾಗೆಯೇ ತೆರೆದಿತ್ತು. ಸಂಜೆಯ ಸರದಿಗೆ ನಾನು ನಿಲ್ಲಬೇಕೆಂದಿದ್ದೆ, ಆದರೆ ಪಾಲಿಕೆಯಿಂದ ಅವತ್ತು ನೀರೇ ಕಡಿಮೆ ಬಂದು ಸಂಜೆ ಯಾವ ಕಟ್ಟಡಕ್ಕೂ ಬಿಡಲಿಲ್ಲ.

ರವಿವಾರ ನನಗೆ ಡ್ಯೂಟಿ ಇರಲಿಲ್ಲ. ಮೊದಲ ಲೋಕಲ್ ಹಿಡಿದು ಹೋದೆ. ಬೆಳಕು ಹರಿಯುವಾಗ ಕಟ್ಟಡದ ಮುಂದೆ ಟೆಂಪೋ ನಿಂತಿತ್ತು. ಡ್ರೈವರ್ ಒಳಗೆ ಮಲಗಿದ್ದ. ಅವಳಣ್ಣ ವಾಲ್ವುಗಳ ಹತ್ತಿರ ಕೂತು ಬೀಗ ತೆಗೆಯುತ್ತಿದ್ದ. ಅವಳು ಮೆಟ್ಟಿಲ ಮೇಲೆ ನಿಂತು, "ಆ ಉದ್ದನ ಕೀಲಿ ಅಲ್ಲಣ್ಣಾ, ಇನ್ನೊಂದು, ಗುಂಡಂದು," ಎಂದು ಹೇಳಿಕೊಡುತ್ತಿದ್ದಳು.

"ಈಗ ಬಂದ್ರೇನ್ರಿ ಮೇಡಂ? ನನಗ ಇಲಾಖೆದಾಗ ನೌಕರಿ ಕೊಟ್ಟಾರ ನೋಡ್ರಿ," ಎಂದ ಅವನು, ತಲೆ ಎತ್ತದೆ.

ಮೊದಲು ಒಂದು ಚಕ್ರ ತಿರುಗಿಸಿದ, ಆಮೇಲೆ ಇನ್ನೊಂದು. ಪೈಪಿನೊಳಗೆ ಗಾಳಿ ನುಗ್ಗುವ ಸದ್ದು. ನಾನು ಗೋಡೆಯ ಪೈಪಿಗೆ ಅಂಗೈ ಇಟ್ಟೆ. ಅದು ಕೆಳಗಿನಿಂದ ಮೇಲಕ್ಕೆ ತಣ್ಣಗಾಗುತ್ತ ಹೋಯಿತು. ಅಣ್ಣ ಮೂರು ಮಹಡಿ ಓಡಿಕೊಂಡು ಹತ್ತಿದ. ಮೇಲಿನಿಂದ ಅವನ ಧ್ವನಿ ಕೇಳಿತು: "ಬಂದೈತಿ!"

ಇಳಿದು ಬಂದಾಗ ಅವನ ಅಂಗಿಯ ತೋಳು ಒದ್ದೆ. ಆದರೆ ಮುಖ ಸಡಿಲಾಗಿರಲಿಲ್ಲ. "ಇವತ್ತ ಬಂತು. ನಾ ಇದ್ನಿ, ತಿರುವಿದ್ನಿ. ನಾಳಿ ಯಾರು ತಿರುವ್ತಾರ? ಈಕಿನ? ಈ ಹೊಟ್ಟಿ ಹೊತ್ತಕೊಂಡು ಕೆಳಗ ಬಗ್ಗಿ?"

ಕೀ ಯಾರಿಗೆ ಎಂದು ತೀರ್ಮಾನಿಸಿದ್ದೆವು. ಚಕ್ರ ಯಾರು ಬಗ್ಗಿ ತಿರುಗಿಸುತ್ತಾರೆ ಎಂದು ಆ ಕೋಣೆಯಲ್ಲಿ ಯಾರೂ ಕೇಳಿರಲಿಲ್ಲ.

ಅಷ್ಟರಲ್ಲಿ ನೆಲಮಹಡಿಯ ಬಾಗಿಲು ತೆರೆಯಿತು. ಸುಬೇದಾರರ ಹೆಂಡತಿ ಬಕೆಟ್ ಹಿಡಿದು ಹೊರಬಂದರು. ಅವನ ಮಾತು ಅರ್ಥವಾಗದಿದ್ದರೂ ಮುಖ ನೋಡಿ ವಿಷಯ ಅರ್ಥವಾಗಿತ್ತು. "ಮೈ ಕರೂಂಗೀ," ಎಂದರು. "ಪಾನಿ ಮುಝೇ ಭೀ ಚಾಹಿಯೇ. ಯೇ ಊಪರ್ ಸೇ ಸ್ಟೂಲ್ ಪೇ ಬೈಠ್ ಕೇ ಆರ್ಡರ್ ದೇಗೀ. ಚಾಬಿ ರಸ್ಸೀ ಸೇ ನೀಚೇ ಛೋಡ್ ದೇನಾ, ಬೇಟೀ."

ಚಕ್ರ ತಾವೇ ತಿರುಗಿಸುತ್ತೇವೆ, ಇವಳು ಮೇಲೆ ಸ್ಟೂಲಿನಲ್ಲಿ ಕೂತು ಕೀ ಹಗ್ಗದಲ್ಲಿ ಇಳಿಬಿಟ್ಟರೆ ಸಾಕು ಎಂದದ್ದು ಕೇಳಿ ಅಣ್ಣ ಅವರನ್ನೂ ತಂಗಿಯನ್ನೂ ಒಮ್ಮೆ ನೋಡಿದ. ಅವಳು ದಾರ ಹಿಡಿದು ಎರಡು ಕೀಗಳನ್ನು ಗಾಳಿಯಲ್ಲಿ ಇಳಿಬಿಟ್ಟು ತೋರಿಸಿದಳು, ಬಾವಿಗೆ ಕೊಡ ಬಿಡುವ ಹಾಗೆ. ಅವನಿಗೆ ನಗು ತಡೆಯಲಾಗಲಿಲ್ಲ.

"ಚಾ ಕುಡಿಯೂಣ ನಡಿ," ಎಂದ.

ಅವಳು ಹಾಲು ಕಾಯಿಸಿದಳು. ಟ್ರಂಕಿನಿಂದ ಸ್ವೆಟರುಗಳು ಮತ್ತೆ ಕಪಾಟಿಗೆ ಹೋದವು. ಚಹಾ ಕುಡಿದಾದ ಮೇಲೆ ಅಣ್ಣ ಕಿಟಕಿಯಿಂದ ಕೆಳಗೆ ನೋಡಿ, ಟೆಂಪೋದವನಿಗೆ ಬಾಡಿಗೆ ಕೊಡಲೇಬೇಕು, ಖಾಲಿ ಹೋಗಬೇಕಲ್ಲ ಎಂದು ಗೊಣಗಿದ.

"ಖಾಲಿ ಯಾಕ ಹೊಕ್ಕೀ? ಡ್ರಮ್ ಒಯ್ಯಿ. ನಿಮ್ಮ ಚಾಳಿಗೆ ಬೇಕಾಗ್ತಾವ. ನನಗ ಹಾಲಿನ್ಯಾಗ ತೊಟ್ಟಿಲ ಕಟ್ಟಾಕ ಜಾಗಾ ಬೇಕು."

ಅವನೂ ಡ್ರೈವರೂ ಮೂರು ಡ್ರಮ್ಮುಗಳನ್ನೂ ಇಳಿಸಿ ಟೆಂಪೋಗೆ ಏರಿಸಿದರು. ಹಗ್ಗ ಬಿಗಿಯತೊಡಗಿದರು. ನಾನು ಕೆಳಗೆ ನಿಂತಿದ್ದೆ. ನಾಳೆ ಪಂಪು ಕೆಡಬಹುದು. ನಾಡಿದ್ದು ಪಾಲಿಕೆ ಕಡಿತ ಹೆಚ್ಚಿಸಬಹುದು. ಮುಂದಿನ ವರ್ಷ ದೊಡ್ಡ ಸಾಹೇಬರು ಬದಲಾದರೆ ಹೊಸಬರು ಕೀ ವಾಪಸ್ ತನ್ನಿ ಎನ್ನಬಹುದು.

"ಒಂದಾದರೂ ಇಟ್ಟುಕೊಳ್ಳಿ," ಎಂದೆ.

ಅವಳು ಮೆಟ್ಟಿಲ ಕಂಬಿಗೆ ಒರಗಿ ನನ್ನನ್ನು ನೋಡಿದಳು. "ಯಾಕ್ರಿ ಅಕ್ಕಾರ? ನಿಮ್ಮ ಇಲಾಖೆ ಮ್ಯಾಲ ನಿಮಗ ಭರೋಸೆ ಇಲ್ಲೇನು?"

ನಾನು ಡ್ರಮ್ಮುಗಳ ಕಡೆ ನೋಡಿದೆ.

"ಆತು. ಒಂದ ಇಡಸ್ತೀನಿ," ಎಂದಳು. "ನನಗಲ್ಲ. ನಿಮ್ಮ ಸಮಾಧಾನಕ್ಕ."

ಅಣ್ಣ ಬೈಯುತ್ತ ಹಗ್ಗ ಬಿಚ್ಚಿ ಒಂದು ಡ್ರಮ್ಮನ್ನು ಕೆಳಗಿಳಿಸಿದ. ಟೆಂಪೋ ಗೇಟಿನ ಕಡೆ ತಿರುಗಿತು. ಡ್ರಮ್ಮನ್ನು ಮೂರನೇ ಮಹಡಿಗೆ ನಾನೇ ಹೊತ್ತೆ.